ನೇಪಾಳವೋ ಕೀನ್ಯಾವೋ? ಮಿಷನರಿ ತರಬೇತಿಗೆ ಹೊರಡುವ ಮುನ್ನ

ಹುಬ್ಬಳ್ಳಿ-ಧಾರವಾಡದ ಕ್ರೈಸ್ತ ಸಭೆಗಳಿಂದ ಹೊರಡುವವರಿಗೆ ನೇಪಾಳ ಸಲೀಸು: ವೀಸಾ ಬೇಡ, ವೋಟರ್ ಐಡಿ ಸಾಕು, ಹಿಂದಿ ಬಂದರೆ ನೇಪಾಳಿ ಬೇಗ ಹತ್ತುತ್ತದೆ. ಆದರೆ ಅಲ್ಲಿ ಮತಾಂತರ ಮಾಡಿಸುವುದು ಅಪರಾಧ. 5 ವರ್ಷದವರೆಗೆ ಜೈಲು, ವಿದೇಶಿಯರಿಗೆ ಆಮೇಲೆ ಗಡೀಪಾರು.

ಕೀನ್ಯಾದಲ್ಲಿ ಬಹಿರಂಗವಾಗಿ ಸುವಾರ್ತೆ ಸಾರಬಹುದು, ಕಾಗದಪತ್ರವೇ ಜಾಸ್ತಿ. ಇಟಿಎ (ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶ ಅನುಮತಿ) ಬರೀ ಭೇಟಿಗೆ. ಧಾರ್ಮಿಕ ಕೆಲಸಕ್ಕೆ ಕ್ಲಾಸ್ ಐ ಪರ್ಮಿಟ್ ಬೇಕು. ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿ. ಆ ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಕ್ವಾರಂಟೈನ್ ಆಗಬಹುದು.

ಸಾರುವುದನ್ನೇ ಕಲಿಯಬೇಕೆಂದರೆ ಕೀನ್ಯಾಕ್ಕೇ ನಮ್ಮ ಒಲವು. ರೊಟ್ಟಿಯ ಚಿಂತೆಯೂ ಬೇಡ, ಮ್ತಾಮಾ ಹೆಸರಿನಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಹಳೇ ಹಿಟ್ಟಿಗೆ ಜಿಗುಟಿರದೆ ಬಡಿಯುವಾಗ ಅಂಚು ಸೀಳುತ್ತದೆ. ಕುದಿಯುವ ಎಸರು ಹಾಕಿ ನಾದಿ.