ಸೈರನ್ ಸುಮ್ಮನಾಯಿತು ಅಂತ ನಂಬಬೇಡಿ, ಡೋರ್ ವೈರನ್ನೇ ಕತ್ತರಿಸಿರಬಹುದು

ಕಾರಿಗೆ ಹೊರಗಡೆ ಅಂಗಡಿಯಲ್ಲಿ ಅಲಾರಂ ಹಾಕಿಸಿದವರೆಲ್ಲ ಇದನ್ನು ಓದಿ. ಲಾಕ್ ಮಾಡಿ ನಿಲ್ಲಿಸಿದ ನಮ್ಮ ಗಾಡಿಯ ಅಲಾರಂ ರಾತ್ರಿ ಸುಮ್ಮಸುಮ್ಮನೆ ಕೂಗುತ್ತಿತ್ತು, ಹಾಕಿದ ಅಂಗಡಿಯವರಿಗೇ ರಿಪೇರಿಗೆ ಕೊಟ್ಟಿದ್ದೆವು. ರಿಪೇರಿ ಆಯ್ತು ಅಂತ ಗಾಡಿ ಕೈಗೆ ಕೊಟ್ಟ ದಿನವೇ ಒಂದು ಪರೀಕ್ಷೆ ಮಾಡಿ. ಡ್ರೈವರ್ ಕಡೆಯ ಗ್ಲಾಸ್ ಪೂರ್ತಿ ಇಳಿಸಿ, ಎಲ್ಲ ಡೋರ್ ಮುಚ್ಚಿ, ರಿಮೋಟಿನಿಂದ ಲಾಕ್ ಮಾಡಿ ಒಂದೆರಡು ನಿಮಿಷ ಕಾಯಿರಿ. ಆಮೇಲೆ ಕೈ ಒಳಗೆ ಹಾಕಿ, ಲಾಕ್ ಗುಬ್ಬಿ ಎತ್ತಿ, ಗಾಡಿ ಅಲುಗದ ಹಾಗೆ ನಿಧಾನಕ್ಕೆ ಡೋರ್ ತೆಗೀರಿ. ಸೈರನ್ ಕೂಗಲೇಬೇಕು.

ನಮ್ಮ ಗಾಡಿಯಲ್ಲಿ ಕೂಗಲಿಲ್ಲ. ನಾಲ್ಕೂ ಡೋರ್ ತೆಗೆದರೂ ಕೂಗಲಿಲ್ಲ! ಸ್ಟೀರಿಂಗ್ ಕೆಳಗಿನ ಪ್ಯಾನೆಲ್ ಬಿಚ್ಚಿ ನೋಡಿದರೆ ಡೋರ್ ತೆಗೆದಿದ್ದನ್ನು ಅಲಾರಂಗೆ ತಿಳಿಸುವ ಡೋರ್ ಟ್ರಿಗರ್ ವೈರನ್ನು ಕತ್ತರಿಸಿ, ತುದಿಗೆ ಎರಡು ಸುತ್ತು ಕಪ್ಪು ಟೇಪ್ ಸುತ್ತಿ, ವೈರಿನ ಕಟ್ಟಿನ ಹಿಂದೆ ಮಡಚಿ ಸಿಕ್ಕಿಸಿದ್ದಾರೆ. ಇದೇ ಅವರ ರಿಪೇರಿ. ದುಡ್ಡು ತಗೊಂಡು ಮಾಡಿದ ರಿಪೇರಿ. ಅಷ್ಟೂ ದಿನ ಆ ಗಾಡಿಯ ಡೋರನ್ನು ಯಾರು ತೆಗೆದಿದ್ದರೂ ಅಲಾರಂಗೆ ಗೊತ್ತಾಗುತ್ತಿರಲಿಲ್ಲ.

ಮೊದಲ ಸಲ ಗಾಡಿ ತಗೊಂಡು ಹೋದಾಗ "ಬೆಕ್ಕು ಹತ್ತಿರುತ್ತೆ ಸಾರ್" ಅಂದರು. ಎರಡನೇ ಸಲ "ಸೆನ್ಸಿಟಿವಿಟಿ ಕಮ್ಮಿ ಮಾಡಿದೀನಿ, ಇನ್ನು ತೊಂದರೆ ಇಲ್ಲ". ಮೂರನೇ ಸಲ "ಯೂನಿಟ್ಟೇ ಹೋಗಿರ್ಬೇಕು, ಹೊಸದು ಹಾಕ್ಬಿಡೋಣ". ಹೊಸದು ಬೇಡ, ಇದನ್ನೇ ಸರಿ ಮಾಡಿ ಅಂದಿದ್ದಕ್ಕೆ ಈ ಕತ್ತರಿ. ಕತ್ತರಿಸಿದ ವೈರಿನ ಫೋಟೋ ತೋರಿಸಿದರೆ ಬಂದ ಉತ್ತರ ಇದು: "ರಾತ್ರಿ ಕೂಗಬಾರದು ಅಂದ್ರಲ್ಲ ಸಾರ್, ಈಗ ಕೂಗ್ತಿಲ್ವಲ್ಲ."

ಸೆನ್ಸಿಟಿವಿಟಿ ತಿರುಗಣೆ ಇರೋದು ಶಾಕ್ ಸೆನ್ಸರ್‌ಗೆ, ಅಂದರೆ ಗಾಡಿ ಅಲುಗಿದ್ದನ್ನು, ಪೆಟ್ಟು ಬಿದ್ದಿದ್ದನ್ನು ಹಿಡಿಯುವ ಭಾಗಕ್ಕೆ. ಡೋರ್ ವೈರಿಗೂ ಅದಕ್ಕೂ ಸಂಬಂಧವೇ ಇಲ್ಲ. ಡೋರ್ ದೂರಿಗೆ ಆ ತಿರುಗಣೆ ಮುಟ್ಟಿದರು ಅಂದರೆ ಎಲ್ಲಿ ತೊಂದರೆ ಅಂತ ಅವರು ನೋಡಿಯೇ ಇಲ್ಲ. ಎಷ್ಟೋ ಅಲಾರಂಗಳು ಆಫ್ ಮಾಡಿದಾಗ ಯಾವುದರಿಂದ ಕೂಗಿದ್ದು ಅಂತ ಎಲ್‌ಇಡಿ ಮಿಣುಕಿನ ಲೆಕ್ಕದಲ್ಲೋ ಸೈರನ್ನಿನ ಚುಟುಕು ಸದ್ದಿನಲ್ಲೋ ಹೇಳುತ್ತವೆ. ಲೆಕ್ಕ ಒಂದೊಂದು ಕಂಪನಿಯದು ಒಂದೊಂದು ಥರ, ಪುಸ್ತಕ ನೋಡಿ. ನಮ್ಮದರಲ್ಲಿ ಪ್ರತಿ ಸಲವೂ ಅದು ಡೋರ್ ಅಂತಲೇ ಹೇಳುತ್ತಿತ್ತು. ಮೂರು ಸಲ ಹೋದರೂ ಅದನ್ನು ಎಣಿಸಿ ನೋಡುವ ತಾಳ್ಮೆ ಅವರಿಗಿರಲಿಲ್ಲ.

ಇನ್ನೊಂದು ಸುಳಿವು ಸಮಯದ್ದು. ಲಾಕ್ ಮಾಡಿ ಸುಮಾರು 20 ನಿಮಿಷಕ್ಕೆ ಕೂಗುತ್ತಿತ್ತು, ದಿನಾ. ಬೆಕ್ಕು ಗಡಿಯಾರ ನೋಡಿಕೊಂಡು ಬರಲ್ಲ. ಕಾರಣ ಏನಂದರೆ, ಟ್ರಿಗರ್ ವೈರನ್ನು ಅವರು ರೂಫ್ ಲೈಟಿನ ವೈರಿಗೆ ಸೇರಿಸಿದ್ದರು. ಕೈಗೆ ಸುಲಭವಾಗಿ ಸಿಗುವ ವೈರ್ ಅದು, ನಾಲ್ಕೂ ಡೋರಿಗೆ ಒಂದೇ ಸಾಕು. ಡೋರ್ ಮುಚ್ಚಿದ್ದಾಗ ಬಲ್ಬಿನ ಮೂಲಕ ಆ ವೈರಿನಲ್ಲಿ ಸುಮಾರು 12 ವೋಲ್ಟ್ ಇರುತ್ತೆ, ತೆಗೆದಾಗ ಗಾಡಿಯ ಲೋಹದ ಬಾಡಿ ಜೊತೆ ಸೇರಿ, ಅಂದರೆ ಅರ್ಥ್ ಆಗಿ, ಸೊನ್ನೆಗೆ ಬರುತ್ತೆ. ಆದರೆ ಈಗಿನ ಬಹಳಷ್ಟು ಗಾಡಿಗಳು ಬ್ಯಾಟರಿ ಉಳಿಸೋಕೆ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ರೂಫ್ ಲೈಟಿನ ಸಪ್ಲೈಯನ್ನೇ ಕಡಿದುಹಾಕುತ್ತವೆ. ಆಗ ವೈರಿನ ವೋಲ್ಟೇಜ್ ಬೀಳುತ್ತೆ, ಡೋರ್ ತೆಗೆದರು ಅಂತ ಅಲಾರಂ ತಿಳಿಯುತ್ತೆ.

ಇದನ್ನು ಹಿಡಿಯೋಕೆ ಬೇಕಾಗಿದ್ದು ವೋಲ್ಟೇಜ್ ಅಳೆಯುವ ಒಂದು ಡಿಜಿಟಲ್ ಮಲ್ಟಿಮೀಟರ್, ಅರ್ಧ ಗಂಟೆ, ಅಷ್ಟೇ. ಕಪ್ಪು ಕಡ್ಡಿ ಬಾಡಿಯ ಬೋಲ್ಟಿಗೆ, ಕೆಂಪು ಕಡ್ಡಿ ಟ್ರಿಗರ್ ವೈರಿಗೆ. ಮೀಟರಿನ ವೈರುಗಳನ್ನು ಗ್ಲಾಸಿನಿಂದ ಆಚೆ ತಂದು, ಗಾಡಿ ಲಾಕ್ ಮಾಡಿ ಕಾಯಿರಿ. ಮಧ್ಯೆ ಡೋರ್ ಮುಟ್ಟಿದರೆ ಗಾಡಿ ಮತ್ತೆ ಎಚ್ಚರವಾಗಿ ನಿಮಿಷದ ಲೆಕ್ಕ ಮೊದಲಿನಿಂದ ಶುರು. ಕತ್ತರಿಸಿದ ವೈರನ್ನು ಕೂಡಿಸಿ ಹೀಗೆ ನೋಡಿದಾಗ 12.4 ಅಂತ ನಿಂತಿದ್ದ ಅಂಕಿ 21ನೇ ನಿಮಿಷಕ್ಕೆ ದಡ್ ಅಂತ 1.8ಕ್ಕೆ ಬಿತ್ತು, ಹಿಂದೆಯೇ ಸೈರನ್. ಯೂನಿಟ್ ಹೋಗಿರಲಿಲ್ಲ. ಯೂನಿಟ್ಟಿಗೆ ಏನೂ ಆಗಿರಲಿಲ್ಲ. ಒಂದು ಪಕ್ಷ ಹೊಸದು ಹಾಕಿಸಿದ್ದರೂ ಅದೇ ವೈರಿನಲ್ಲಿ ಅದೇ ಕೂಗು.

ರೂಫ್ ಲೈಟಿಗೆ ಎಲ್‌ಇಡಿ ಬಲ್ಬ್ ಹಾಕಿಸಿಕೊಂಡವರಿಗೂ ಇಂಥದೇ ತಲೆನೋವು. ಹಳೇ ಫಿಲಮೆಂಟ್ ಬಲ್ಬ್ ವೈರನ್ನು ಗಟ್ಟಿಯಾಗಿ 12 ವೋಲ್ಟಿಗೆ ಹಿಡಿದಿರುತ್ತೆ, ಎಲ್‌ಇಡಿ ಹಿಡಿಯಲ್ಲ. ಮೊದಲು ಹಳೇ ಬಲ್ಬ್ ವಾಪಸ್ ಹಾಕಿ ನೋಡಿ. ಲಾಕ್ ಮಾಡಿದ ಮೊದಲ ನಿಮಿಷದೊಳಗೇ ಕೂಗಿದರೆ, ಲೈಟ್ ನಿಧಾನಕ್ಕೆ ಆರುವ ಗಾಡಿಯಲ್ಲಿ ಅದು ಆರುವ ಮೊದಲೇ ಅಲಾರಂ ಕಾವಲು ಶುರು ಮಾಡಿರುತ್ತೆ. ಆ ಕಾವಲು ತಡವಾಗಿ ಶುರುವಾಗೋಕೆ ಕೆಲವು ಯೂನಿಟ್‌ಗಳಲ್ಲಿ ಸೆಟ್ಟಿಂಗ್ ಇದೆ.

ಮಳೆ ಬಂದಾಗ, ಮಂಜು ಬಿದ್ದಾಗ ಮಾತ್ರ ಕೂಗಿದರೆ, ಡೋರ್ ತೆಗೆದಿದ್ದು ಮುಚ್ಚಿದ್ದು ತಿಳಿಸುವ ಸ್ವಿಚ್ ನೋಡಿ. ಹಳೇ ಗಾಡಿಗಳಲ್ಲಿ ಡೋರ್ ಕಂಬದಲ್ಲಿರುವ ಪಿನ್ ಸ್ವಿಚ್ ತುಕ್ಕು ಹಿಡಿದು ನೀರಿನಲ್ಲಿ ಅರ್ಥ್ ಆಗುತ್ತೆ. ಹೊಸವುಗಳಲ್ಲಿ ಸ್ವಿಚ್ ಲಾಕಿನ ಒಳಗೇ ಇರುತ್ತೆ, ಗ್ರೀಸ್ ಒಣಗಿದರೆ ಅರ್ಧಕ್ಕೇ ನಿಲ್ಲುತ್ತೆ. ಬಾನೆಟ್ ಸ್ವಿಚ್ಚನ್ನು ಮರೆಯಬೇಡಿ, ಎಲ್ಲಕ್ಕಿಂತ ಮೊದಲು ನೀರು ಕುಡಿಯೋದು ಅದೇ. ಡೋರ್ ಮತ್ತು ಕಂಬದ ನಡುವಿನ ರಬ್ಬರ್ ಕೊಳವೆಯೊಳಗೆ ವೈರಿನ ಸಿಪ್ಪೆ ಸೀಳಿರುವುದೂ ಉಂಟು. ಮೀಟರ್ ಹಚ್ಚಿಕೊಂಡೇ ಅದನ್ನು ಹಿಂಡಿ ನೋಡಿ, ಅಂಕಿ ಕುಣಿದರೆ ಕಳ್ಳ ಅಲ್ಲೇ.

ಟ್ರಿಗರ್ ವೈರ್ ಬಿಚ್ಚಿ ಒಂದು ರಾತ್ರಿ ನೋಡುವುದು ತಪ್ಪಲ್ಲ. ಸುಮ್ಮನಿದ್ದರೆ ತೊಂದರೆ ಡೋರ್ ಲೈನಿನಲ್ಲಿ, ಆಗಲೂ ಕೂಗಿದರೆ ಬೇರೆ ಕಡೆ. ಅದು ಹುಡುಕುವ ಮೊದಲ ಹೆಜ್ಜೆ. ಅವರು ಆ ಹೆಜ್ಜೆಗೇ ನಿಲ್ಲಿಸಿ, ಟೇಪ್ ಸುತ್ತಿ, ರಿಪೇರಿ ಅಂತ ಬಿಲ್ ಮಾಡಿದರು. ಕೋಪ ಇರೋದು ಅದಕ್ಕೇ.

ನಮ್ಮದು ಸರಿಹೋಗಿದ್ದು ಹೀಗೆ. ರೂಫ್ ಲೈಟ್ ಬಿಟ್ಟು ನಾಲ್ಕು ಡೋರ್ ಸ್ವಿಚ್ಚಿನ ವೈರುಗಳಿಂದ ಟ್ರಿಗರ್ ತೆಗೆದಿದ್ದು, ಒಂದೊಂದಕ್ಕೆ ಒಂದೊಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಭಾಗ), ಅದರ ಬೆಳ್ಳಿ ಗೆರೆ ಸ್ವಿಚ್ ಕಡೆಗೆ. ಡಯೋಡ್ ಇಲ್ಲದೆ ನಾಲ್ಕನ್ನೂ ಗಂಟು ಹಾಕಿದರೆ ಒಂದು ಡೋರ್ ತೆಗೆದರೂ ಡ್ಯಾಶ್‌ಬೋರ್ಡಿನಲ್ಲಿ ನಾಲ್ಕೂ ತೆರೆದಂತೆ ತೋರಿಸುತ್ತೆ. ಗೆರೆ ಉಲ್ಟಾ ಆದರೆ ಟ್ರಿಗರ್ ಆಗಲ್ಲ. ಇದು ಡೋರ್ ತೆಗೆದಾಗ ಅರ್ಥ್ ಆಗುವ ಗಾಡಿಗಳಿಗೆ, ಬಹುಪಾಲು ಹಾಗೇ. ತೆಗೆದಾಗ 12 ವೋಲ್ಟ್ ಬರುವ ಗಾಡಿಯಾದರೆ ಯೂನಿಟ್ಟಿನ ಪಾಸಿಟಿವ್ ಟ್ರಿಗರ್ ವೈರ್ ಬಳಸಬೇಕು, ಡಯೋಡ್ ತಿರುಗಿಸಿ ಹಾಕಬೇಕು. ಬೆಸುಗೆ ಹಾಕಿ ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿಸಿ, ಬರೀ ತಿರುಚಿ ಟೇಪ್ ಸುತ್ತಿದ್ದು ಬಿಸಿಲಿಗೆ ಬಿಚ್ಚಿಕೊಳ್ಳುತ್ತೆ.

ಸ್ವಿಚ್ ವೈರನ್ನು ಸೇರಿಸುವ ಮೊದಲು ಅದರ ಮೇಲೂ 40 ನಿಮಿಷ ಮೀಟರ್ ಇಟ್ಟು ನೋಡಿ. ಗಾಡಿಯ ಕಂಪ್ಯೂಟರ್ ನಿದ್ದೆಗೆ ಹೋದಾಗ ಕೆಲವು ಗಾಡಿಗಳಲ್ಲಿ ಅಲ್ಲೂ ವೋಲ್ಟೇಜ್ ಬೀಳುತ್ತೆ. ಹಾಗಾದರೆ ಗಾಡಿಯ ವೈರ್ ಮುಟ್ಟದೆ ಬೇರೆ ಪಿನ್ ಸ್ವಿಚ್ ಕೂರಿಸುವುದೇ ದಾರಿ. ಈ ವೈರುಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಚುಚ್ಚಲು ಯಾರಿಗೂ ಬಿಡಬೇಡಿ, ಅದು ಎಳೆಯುವ ಕರೆಂಟಿಗೆ ಕಂಪ್ಯೂಟರ್ ಕೆಡಬಹುದು.

ಕೆಲಸ ಆದಮೇಲೆ ಡೋರ್ ತೆಗೆದಾಗ ಅಲಾರಂ ಬದಿಯ ವೈರಿನಲ್ಲಿ ಸುಮಾರು 0.6 ವೋಲ್ಟ್ ಬರುತ್ತೆ. ಅದು ಡಯೋಡಿನದು, ದೋಷವಲ್ಲ. ಅದನ್ನೇ ತೋರಿಸಿ "ಯೂನಿಟ್ ವೀಕ್ ಆಗಿದೆ ಸಾರ್" ಅಂದರೆ ಗಾಡಿ ಆಚೆ ತಗೊಂಡು ಬನ್ನಿ.