ರಾಲೀ ಟ್ಯಾವರ್ನ್, ವಿಲಿಯಮ್ಸ್‌ಬರ್ಗ್: ಫೈ ಬೀಟಾ ಕಪ್ಪಾ ಹುಟ್ಟಿದ ಜಾಗ ನೋಡ್ಕೊಂಡು ಬಂದ್ವಿ
ಅಕ್ಕನ ಮಗಳಿಗೆ ಅವಳ ಕಾಲೇಜಿಂದ ಫೈ ಬೀಟಾ ಕಪ್ಪಾಗೆ ಸೇರ್ಕೋ ಅಂತ ಪತ್ರ ಬಂತು. ಅಕ್ಕ ಮೈಸೂರಿಂದ ಫೋನ್ ಮಾಡಿ "ಅದೇನು ಸಂಘಾನೋ ಬಹುಮಾನಾನೋ, ಸರಿಯಾಗಿ ಹೇಳು" ಅಂದ್ಲು. ಅದು ಓದಲ್ಲಿ ತುಂಬಾ ಮುಂದಿರೋ ಕಾಲೇಜು ವಿದ್ಯಾರ್ಥಿಗಳನ್ನ ಆರಿಸಿ ಸೇರಿಸ್ಕೊಳ್ಳೋ ಅಮೆರಿಕದ ಗೌರವ ಸಂಘ. ಬಾಯಲ್ಲಿ ಹೇಳೋದಕ್ಕಿಂತ ತೋರಿಸೋದೇ ವಾಸಿ ಅಂತ, ಅಕ್ಕ ಮಗಳ ಗ್ರ್ಯಾಜುಯೇಷನ್‌ಗೆ ಬಂದಾಗ ಇಬ್ರನ್ನೂ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ಗೆ ಕರ್ಕೊಂಡು ಹೋದೆ.

ರಾಲೀ ಟ್ಯಾವರ್ನ್ ಹೆಸರಿಗೆ ಟ್ಯಾವರ್ನ್, ಅಂದ್ರೆ ಹಳೇ ಕಾಲದ ಊಟ, ಹೆಂಡ ಸಿಗೋ ತಂಗುಮನೆ, ಆದ್ರೆ ಒಳಗೆ ಊಟ ತಿಂಡಿ ಇಲ್ಲ, ಮ್ಯೂಸಿಯಂ ಥರ ಇಟ್ಟಿದಾರೆ. ಬಾಗಿಲ ಮೇಲೆ ಇಂಗ್ಲೆಂಡಿನ ಹಳೇ ಕಾಲದ ಸಾಹಸಿ ವಾಲ್ಟರ್ ರಾಲೀದು ಸೀಸದ ತಲೆ ಇದೆ. ನೋಡ್ಬೇಕಾಗಿರೋದು ಅಪೋಲೋ ರೂಮು. 1776 ಡಿಸೆಂಬರ್ 5ಕ್ಕೆ ವಿಲಿಯಂ ಆಂಡ್ ಮೇರಿ ಕಾಲೇಜಿನ ಐದು ಜನ ಹುಡುಗ್ರು, ಜಾನ್ ಹೀತ್ ಮುಂದಾಳು, ಫೈ ಬೀಟಾ ಕಪ್ಪಾ ಶುರು ಮಾಡಿದ್ದು ಇದೇ ಟ್ಯಾವರ್ನ್‌ನಲ್ಲಿ. ಮೂರು ಗ್ರೀಕ್ ಅಕ್ಷರ, ಗುಟ್ಟಿನ ಕೈಕುಲುಕು, ಪ್ರಮಾಣ, ಎದೆಗೆ ಪದಕ, ಆಮೇಲೆ ಅಮೆರಿಕದ ಫ್ರಟರ್ನಿಟಿಗಳೆಲ್ಲಾ (ಕಾಲೇಜು ಹುಡುಗ್ರ ಸಂಘಗಳು) ಮಾಡಿದ್ದರ ಮೂಲ ಇಲ್ಲೇ ಇದೆ. ಆದ್ರೆ ಇವ್ರು ಸೇರ್ತಿದ್ದಿದ್ದು ಮುಖ್ಯವಾಗಿ ವಾದ ಮಾಡೋಕೆ, ಪ್ರಬಂಧ ಓದೋಕೆ, ಅದೂ ಹೊರಗೆ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧ ನಡೀತಿರುವಾಗ.

ಅವ್ರ ಚರ್ಚೆಗಳಲ್ಲಿ ಆಫ್ರಿಕನ್ನರನ್ನ ಗುಲಾಮರಾಗಿ ಇಟ್ಕೊಳ್ಳೋದು ನ್ಯಾಯಾನಾ ಅನ್ನೋ ವಿಷಯಾನೂ ಇತ್ತು. ಇದೇ ಟ್ಯಾವರ್ನ್ ಮುಂದೆ ಮನುಷ್ಯರನ್ನ ಹರಾಜು ಹಾಕ್ತಿದ್ರು. ಇದು ಗೊತ್ತಾದ್ಮೇಲೆ ಅಕ್ಕ ಮೆಟ್ಟಿಲ ಮೇಲೆ ಫೋಟೋ ಬೇಡ ಅಂತ ಆಚೆ ಬದಿಗೆ ಹೋಗಿ ನಿಂತ್ಕೊಂಡ್ಲು. ನಂಗೂ ಅದೇ ಸರಿ ಅನ್ನಿಸ್ತು. ಕಪ್ಪು ಜನ, ಹೆಣ್ಮಕ್ಕಳು ಯಾವಾಗ ಒಳಗೆ ಬಂದ್ರು ಅಂತ ಮಗಳು ಅಲ್ಲೇ ಹುಡುಕಿದ್ಲು: ಹೆಣ್ಮಕ್ಕಳು 1875ರಲ್ಲಿ, ಜಾರ್ಜ್ ವಾಷಿಂಗ್ಟನ್ ಹೆಂಡರ್ಸನ್ ಅನ್ನೋ ಕಪ್ಪು ವಿದ್ಯಾರ್ಥಿ 1877ರಲ್ಲಿ, ಎರಡೂ ವರ್ಮಾಂಟ್ ಯೂನಿವರ್ಸಿಟಿಯ ಶಾಖೆಯಿಂದಾನೇ. ಇಲ್ಲಿಗೆ ಬರೋರು ಇದನ್ನ ತಿಳ್ಕೊಂಡೇ ಬರ್ಬೇಕು.

ಇಲ್ಲಿನ ಮೂಲ ಶಾಖೆ ನಾಲ್ಕೇ ವರ್ಷಕ್ಕೆ ನಿಂತ್ಹೋಯ್ತು. 1781 ಜನವರಿಯಲ್ಲಿ ಬ್ರಿಟಿಷ್ ಸೈನ್ಯ ವರ್ಜೀನಿಯಾಗೆ ನುಗ್ಗಿದಾಗ ಹುಡುಗ್ರು ಕಾಗದ ಪತ್ರಕ್ಕೆ ಸೀಲ್ ಹಾಕಿ ಕಾಲೇಜಿನ ಉಗ್ರಾಣದವ್ನ ಕೈಗೆ ಕೊಟ್ಟು ಹೊರಟ್ರು. ಅಷ್ಟರಲ್ಲಿ ಹಾರ್ವರ್ಡ್, ಯೇಲ್‌ನಲ್ಲಿ ಶಾಖೆ ತೆರೆಯೋಕೆ ಒಪ್ಪಿಗೆ ಪತ್ರ ಕೊಟ್ಟಿದ್ರಲ್ಲ, ಅದ್ರಿಂದ ಸಂಘ ಉಳೀತು, ಇಲ್ಲಾಂದ್ರೆ ಅಲ್ಲಿಗೇ ಮುಗೀತಿತ್ತು. ಮೂಲ ಶಾಖೆ ಭದ್ರವಾಗಿ ಮತ್ತೆ ಎದ್ದಿದ್ದು 1893ರಲ್ಲಿ.

ಇನ್ನೊಂದು ವಿಷಯ, ನೀವು ನೋಡೋದು ಆಗಿನ ಕಟ್ಟಡ ಅಲ್ಲ. ಅದು 1859ರಲ್ಲಿ ಸುಟ್ಟುಹೋಯ್ತು. ಈಗಿರೋದು ಹಳೇ ಚಿತ್ರ, ಅಡಿಪಾಯ ನೋಡ್ಕೊಂಡು ಮತ್ತೆ ಕಟ್ಟಿ 1932ರಲ್ಲಿ ತೆರೆದಿದ್ದು. ಹಳೇದಲ್ವಲ್ಲ ಅಂತ ಕೆಲವ್ರಿಗೆ ಬೇಜಾರಾಗುತ್ತೆ, ನಂಗೆ ಆಗ್ಲಿಲ್ಲ, ಯಾಕಂದ್ರೆ ಕಟ್ಟಿಸಿದ ಕಥೇನೇ ಈ ಸಂಘದ್ದು. 1926ರಲ್ಲಿ ಕಾಲೇಜು ಫೈ ಬೀಟಾ ಕಪ್ಪಾ ನೆನಪಿಗೆ ಒಂದು ಹಾಲ್ ಕಟ್ಟಿ ಉದ್ಘಾಟನೆ ಇಟ್ಕೊಂಡಾಗ ಎಣ್ಣೆ ಕಂಪನಿ ಮನೆತನದ ದೊಡ್ಡ ಶ್ರೀಮಂತ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಬಂದಿದ್ರು, ಅವ್ರೂ ಇದರ ಸದಸ್ಯರೇ. ಊರಿನ ಪಾದ್ರಿ ಗುಡ್‌ವಿನ್, ದುಡ್ಡು ಹಾಕೋಕೆ ರಾಕ್‌ಫೆಲ್ಲರ್‌ನ ಒಪ್ಸಿದ್ರಿಂದಾನೇ ಇಡೀ ಹಳೇ ಊರು ಮತ್ತೆ ಎದ್ದು ನಿಂತಿದ್ದು, ಈ ರೂಮೂ ಸೇರಿ.

ಬೀದೀಲಿ ಓಡಾಡೋಕೆ ದುಡ್ಡಿಲ್ಲ, ಕಟ್ಟಡಗಳ ಒಳಗೆ ಹೋಗೋಕೆ ಟಿಕೆಟ್ ಬೇಕು, ಯಾವ ದಿನ ಯಾವುದು ತೆರೆದಿರುತ್ತೆ ಅಂತ ಮೊದ್ಲೇ ನೋಡ್ಕೊಳ್ಳಿ. ಕಾರಲ್ಲಿ ನೇರ ಟ್ಯಾವರ್ನ್‌ಗೇ ಹೋಗ್ಬೇಡಿ. ಕಾಲೇಜಿನ ರೆನ್ ಬಿಲ್ಡಿಂಗ್ ಹತ್ರ ಇಳಿದು ಡ್ಯೂಕ್ ಆಫ್ ಗ್ಲಾಸ್ಟರ್ ರಸ್ತೇಲಿ ನಡ್ಕೊಂಡು ಬನ್ನಿ, ಒಂದು ಮೈಲಿಗೆ ಸ್ವಲ್ಪ ಕಮ್ಮಿ, ಆ ಹುಡುಗ್ರೂ ಹಾಗೇ ಬಂದಿರ್ತಾರೆ. ಬೇಸಿಗೇಲಿ ನೀರಿನ ಬಾಟ್ಲು ಇರ್ಲಿ. ಟ್ಯಾವರ್ನ್ ಹಿಂದೇನೇ ಬೇಕರಿ ಇದೆ, ಶುಂಠಿ ಕೇಕ್ ತಗೊಳ್ಳಿ, ಅಕ್ಕ ಅದ್ರಲ್ಲಿ ನಾಲ್ಕು ಕಟ್ಟಿಸ್ಕೊಂಡು ಬಂದ್ಲು.