ಸರ್ವರ್ ವಿಳಾಸ ತಪ್ಪು ತೋರಿಸ್ತಿದೆಯಾ? ಮೊದಲು ಡಿಗ್ ಹಾಕಿಕೊಳ್ಳಿ

ಹುಬ್ಬಳ್ಳಿಯ ಒಂದು ಪ್ರಿಂಟಿಂಗ್ ಪ್ರೆಸ್‌ನ ಕಂಪ್ಯೂಟರ್, ನೆಟ್‌ವರ್ಕ್ ಕೆಲಸವನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ. ಪ್ರೆಸ್ಸಿನ ಮೂಲೆಯಲ್ಲಿ ಒಂದು ಉಬುಂಟು ಸರ್ವರ್ ಇದೆ. ಗದಗ, ಧಾರವಾಡ, ಹಾವೇರಿ ಕಡೆಯ ಗಿರಾಕಿಗಳು ಲಗ್ನಪತ್ರಿಕೆ, ಕ್ಯಾಲೆಂಡರ್, ಬಿಲ್ ಬುಕ್ ಫೈಲ್‌ಗಳನ್ನು ಅದಕ್ಕೇ ಹಾಕುತ್ತಾರೆ. ಅದಕ್ಕೊಂದು ಸ್ಟ್ಯಾಟಿಕ್ ಐಪಿ, ಅಂದರೆ ಪದೇ ಪದೇ ಬದಲಾಗದ ಇಂಟರ್ನೆಟ್ ವಿಳಾಸ ಇದೆ, ಆ ಐಪಿಗೆ ಒಂದು ಹೆಸರಿದೆ. ಕಳೆದ ತಿಂಗಳು ಇಂಟರ್ನೆಟ್ ಲೈನ್ ಬೇರೆ ಕಂಪನಿಯದು ಹಾಕಿಸಿದೆವು. ಐಪಿ ಬದಲಾಯಿತು, ನಾನು ಡಿಎನ್‌ಎಸ್ (ಹೆಸರು ಕೊಟ್ಟರೆ ಐಪಿ ಹೇಳುವ ವ್ಯವಸ್ಥೆ) ಪ್ಯಾನೆಲ್‌ಗೆ ಹೋಗಿ ಎ ರೆಕಾರ್ಡ್, ಅಂದರೆ ಹೆಸರಿನ ಎದುರು ಐಪಿ ಬರೆದಿರುವ ದಾಖಲೆ ಬದಲಿಸಿದೆ, ಮನೆಯಿಂದ ತೆರೆದು ನೋಡಿದೆ, ತೆರೆಯಿತು.

ಮರುದಿನ ಬೆಳಿಗ್ಗೆ ಮಾಲೀಕರ ಫೋನ್. 'ಏನ್ರೀ, ಗದಗದವ್ರಿಗೆ ಫೈಲ್ ಹಾಕಾಕ ಆಗವಲ್ದಂತ. ಧಾರವಾಡದವ್ರಿಗೆ ಆಗಾಕತ್ತೈತಿ. ಏನ್ ಮಾಡೀರಿ?'

ಡಿಎನ್‌ಎಸ್ ಬದಲಿಸಿದ ಯಾರಿಗೇ ಆದರೂ ಈ ಮಾತು ಕೇಳಿದ ಕೂಡಲೇ ಬಾಯಿಗೆ ಬರುವ ಉತ್ತರ ಒಂದೇ. '24ರಿಂದ 48 ಗಂಟೆ ತಗೊಳ್ತದ್ರೀ, ಎಲ್ಲಾ ಕಡೆ ಹರಡಬೇಕು.' ನಾನೂ ಅದನ್ನೇ ಹೇಳಿದೆ. ಮೂರನೇ ದಿನವೂ ಗದಗದವರಿಗೆ ತೆರೆಯಲಿಲ್ಲ. ಅಷ್ಟೇ ಅಲ್ಲ, ಪ್ರೆಸ್ಸಿನಲ್ಲೇ ಡಿಟಿಪಿ ಮಾಡುವ ಹುಡುಗ ಬಂದು, 'ಅಣ್ಣಾ, ನನ್ನ ಮೊಬೈಲ್‌ನ್ಯಾಗ ಓಪನ್ ಆಗ್ತೈತಿ, ಕಂಪ್ಯೂಟರ್‌ನ್ಯಾಗ ಆಗವಲ್ದು' ಎಂದ. ಒಂದೇ ಕೋಣೆ, ಒಂದೇ ಹೆಸರು, ಎರಡು ಉತ್ತರ.

ಆಗ ತೆಗೆದುಕೊಂಡ ಉಪಕರಣವೇ ಡಿಗ್. ಈ ವಿಮರ್ಶೆ ಅದರದ್ದು. ಇದಕ್ಕೆ ದುಡ್ಡಿಲ್ಲ, ಜಾಹೀರಾತಿಲ್ಲ, ಬಣ್ಣದ ಪರದೆಯೂ ಇಲ್ಲ. ಬರೀ ಒಂದು ಕಮಾಂಡ್, ಡಿಎನ್‌ಎಸ್ಸನ್ನು ಕೇಳಿ ಬಂದ ಉತ್ತರವನ್ನು ತೋರಿಸುತ್ತದೆ. ಬೈಂಡ್ ಎಂಬ ಹಳೆಯ ಡಿಎನ್‌ಎಸ್ ಸರ್ವರ್ ತಂತ್ರಾಂಶದ ಜೊತೆಗೇ ಬರುವಂಥದ್ದು, ಈಗ ಐಎಸ್‌ಸಿ ಸಂಸ್ಥೆ ನೋಡಿಕೊಳ್ಳುತ್ತಿದೆ. ಇದನ್ನು ಮೊದಲೂ ಬಳಸಿದ್ದೆ, ಆದರೆ ಐಪಿ ಸರಿಯಿದೆಯಾ ಅಂತ ನೋಡುವುದಕ್ಕೆ ಮಾತ್ರ. ಇದರಲ್ಲಿ ಎಷ್ಟು ಸತ್ವ ಇದೆ ಅಂತ ಗೊತ್ತಾಗಿದ್ದು ಈ ಸಲವೇ.

ಇಲ್ಲಿ ನಮ್ಮ ನಿಜವಾದ ಐಪಿ ಬರೆಯುವುದಿಲ್ಲ. ಉದಾಹರಣೆಗಳಿಗೆ ಅಂತಲೇ ತೆಗೆದಿಟ್ಟ ಐಪಿಗಳಿವೆ, ಅವನ್ನೇ ಬಳಸುತ್ತೇನೆ. ಹೊಸದು 203.0.113.25, ಹಳೆಯದು 198.51.100.40 ಅಂತ ಇಟ್ಟುಕೊಳ್ಳಿ.

ಪ್ರೆಸ್ಸಿನ ಸರ್ವರ್‌ನಲ್ಲೇ ಕೂತು ಡಿಗ್ ಹೊಡೆದೆ, ಮುಂದೆ ನಮ್ಮ ಹೆಸರು ಕೊಟ್ಟೆ. ಉತ್ತರದ ಸಾಲಿನಲ್ಲಿ ಮೊದಲು ಹೆಸರು, ಆಮೇಲೆ 11208 ಎಂಬ ಸಂಖ್ಯೆ, ಕೊನೆಗೆ 198.51.100.40. ಅಂದರೆ ಹಳೇ ವಿಳಾಸ. ಇನ್ನೊಮ್ಮೆ ಹೊಡೆದೆ. 11203. ಮತ್ತೊಮ್ಮೆ, 11199. ಸಂಖ್ಯೆ ಇಳಿಯುತ್ತಿದೆ. ಇದೇ ಟಿಟಿಎಲ್. ಈ ಉತ್ತರವನ್ನು ಇನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅನ್ನುವ ಲೆಕ್ಕ. ಇಳಿಯುತ್ತಿದೆ ಅಂದರೆ ಇದು ಯಾರೋ ಕ್ಯಾಶ್‌ನಿಂದ, ಅಂದರೆ ಮೊದಲೇ ಕೇಳಿ ನೆನಪಿಟ್ಟುಕೊಂಡದ್ದರಿಂದ ತೆಗೆದು ಕೊಡುತ್ತಿರುವ ಉತ್ತರ, ಮೂಲದಿಂದ ಬಂದದ್ದಲ್ಲ. ಮೂಲದ ನೇಮ್‌ಸರ್ವರ್‌ಗೆ (ಡೊಮೇನಿನ ದಾಖಲೆ ಇಟ್ಟುಕೊಂಡು ಉತ್ತರ ಕೊಡುವ ಸರ್ವರ್) ಕೇಳಿದರೆ ಈ ಸಂಖ್ಯೆ ಎಷ್ಟು ಸಲ ಕೇಳಿದರೂ ಅಷ್ಟೇ ಇರುತ್ತದೆ.

ಮಾಮೂಲಾಗಿ ಇಲ್ಲಿಗೆ ನಿಲ್ಲಿಸಿ, 'ಕ್ಯಾಶ್ ಇದೆ, ಮೂರು ತಾಸು ಕಾಯೋಣ' ಅಂದುಬಿಡುತ್ತೇವೆ. ಆದರೆ ಆ 11208 ನನಗೆ ಸರಿ ಕಾಣಲಿಲ್ಲ. ಯಾಕೆಂದರೆ ನಮ್ಮ ಪ್ಯಾನೆಲ್‌ನಲ್ಲಿ ಟಿಟಿಎಲ್ 3600 ಇದೆ, ಒಂದು ಗಂಟೆ. ಎರಡು ವರ್ಷದಿಂದ ಅಷ್ಟೇ ಇದೆ. 3600ರಿಂದ ಶುರುವಾಗಿ ಇಳಿಯುವ ಲೆಕ್ಕ 11208 ಆಗಲು ಸಾಧ್ಯವೇ ಇಲ್ಲ. ಹಾಗಾದರೆ ಈ ಉತ್ತರ ನಮ್ಮ ಪ್ಯಾನೆಲ್‌ನಿಂದ ಹೋದದ್ದೇ ಅಲ್ಲ. ಬೇರೆ ಯಾರೋ ನಮ್ಮ ಹೆಸರಿಗೆ ಉತ್ತರ ಕೊಡುತ್ತಿದ್ದಾರೆ.

ಈ ಒಂದು ಸಂಖ್ಯೆ ಕಣ್ಣಿಗೆ ಬೀಳದಿದ್ದರೆ ನಾನು ಇನ್ನೂ ಕಾಯುತ್ತಲೇ ಇರುತ್ತಿದ್ದೆ. ವಿಂಡೋಸ್‌ನ ಎನ್‌ಎಸ್‌ಲುಕಪ್ ಇದನ್ನು ತಾನಾಗಿ ತೋರಿಸುವುದಿಲ್ಲ, ಡೀಬಗ್ ಅಂತ ಬೇರೆ ಕೇಳಬೇಕು. ಪಿಂಗ್ ಅಂತೂ ಐಪಿ ಒಂದನ್ನೇ ಹೇಳುತ್ತದೆ. ಜಗತ್ತಿನ ಭೂಪಟ ಹಾಕಿ ಹಸಿರು, ಕೆಂಪು ಗುರುತು ತೋರಿಸುವ ಜಾಲತಾಣಗಳನ್ನೂ ನೋಡಿದ್ದೆ. ಅಲ್ಲಿ ಅರ್ಧ ಹಸಿರು, ಅರ್ಧ ಕೆಂಪು ಬಂದಿತ್ತು. ಅದನ್ನು ನೋಡಿದವರು 'ಇನ್ನೂ ಹರಡುತ್ತಿದೆ' ಅಂತಲೇ ಓದಿಕೊಳ್ಳುತ್ತಾರೆ, ನಾನೂ ಹಾಗೇ ಓದಿಕೊಂಡಿದ್ದೆ.

ಮುಂದಿನದು ಪ್ಲಸ್ ಟ್ರೇಸ್. ಡಿಗ್‌ಗೆ ಇದನ್ನು ಸೇರಿಸಿದರೆ ಅದು ಯಾರ ಕ್ಯಾಶನ್ನೂ ನಂಬದೆ ತಾನೇ ಬುಡದಿಂದ ಹೊರಡುತ್ತದೆ. ಮೊದಲು ರೂಟ್ ಸರ್ವರ್‌ಗಳಿಗೆ ಕೇಳುತ್ತದೆ, ಅವರು ಡಾಟ್ ಇನ್ ನೋಡಿಕೊಳ್ಳುವವರ ಹತ್ತಿರ ಕಳಿಸುತ್ತಾರೆ, ಅವರು ನಮ್ಮ ಡೊಮೇನಿನ ನೇಮ್‌ಸರ್ವರ್‌ಗಳ ಹೆಸರು ಹೇಳುತ್ತಾರೆ, ಕೊನೆಗೆ ಅಲ್ಲಿ ಉತ್ತರ ಸಿಗುತ್ತದೆ. ಪ್ರತಿ ಮೆಟ್ಟಿಲಲ್ಲಿ ಯಾರು ಏನು ಹೇಳಿದರು ಅಂತ ಪೂರ್ತಿ ಬರೆದು ತೋರಿಸುತ್ತದೆ. ಮೊದಲ ಸಲ ಹೊಡೆದಾಗ ಹೊಸ ಐಪಿ ಬಂತು. ಎರಡನೇ ಸಲ ಹಳೆಯದು! ಪರದೆ ಮೇಲಕ್ಕೆ ಸರಿಸಿ ಡಾಟ್ ಇನ್‌ನವರು ಕೊಟ್ಟ ಸಾಲುಗಳನ್ನು ನೋಡಿದೆ. ನಮ್ಮ ಡೊಮೇನಿಗೆ ನಾಲ್ಕು ನೇಮ್‌ಸರ್ವರ್ ಇದ್ದವು. ಎರಡು ಈಗಿನವರದ್ದು. ಇನ್ನೆರಡು ನಾವು ಎರಡು ವರ್ಷದ ಹಿಂದೆ ಬಿಟ್ಟುಬಂದ ಹೋಸ್ಟಿಂಗ್‌ನವರದ್ದು.

ಆಗಿದ್ದು ಇಷ್ಟು. ಎರಡು ವರ್ಷದ ಹಿಂದೆ ಡಿಎನ್‌ಎಸ್ ಹೊಸ ಕಡೆಗೆ ತಂದಾಗ, ಡೊಮೇನ್ ಕೊಂಡ ಕಡೆ ಹೊಸ ನೇಮ್‌ಸರ್ವರ್‌ಗಳನ್ನು ಸೇರಿಸಿದ್ದೆವು, ಹಳೆಯವನ್ನು ತೆಗೆದಿರಲಿಲ್ಲ. ಅವರ ಕಡೆ ನಮ್ಮ ದಾಖಲೆಗಳು ಹಾಗೇ ಉಳಿದಿದ್ದವು, ಟಿಟಿಎಲ್ 14400 ಸಮೇತ. ಎರಡೂ ಕಡೆ ಒಂದೇ ಐಪಿ ಇದ್ದದ್ದರಿಂದ ಇಷ್ಟು ದಿನ ಯಾರಿಗೂ ತೊಂದರೆ ಆಗಲಿಲ್ಲ. ಸ್ಟ್ಯಾಟಿಕ್ ಐಪಿ ಅಲ್ವಾ, ಬದಲಾಗುವುದೇ ಇಲ್ಲ. ಬದಲಾದ ದಿನ ಎರಡು ಕಡೆ ಎರಡು ಉತ್ತರವಾಯಿತು. ನಾಲ್ವರಲ್ಲಿ ಯಾರನ್ನು ಕೇಳುತ್ತಾರೆ ಅನ್ನುವುದರ ಮೇಲೆ ಧಾರವಾಡದವರಿಗೆ ತೆರೆಯಿತು, ಗದಗದವರಿಗೆ ತೆರೆಯಲಿಲ್ಲ. ಇದು 48 ಗಂಟೆ ಅಲ್ಲ, 48 ದಿನ ಕಾದರೂ ಸರಿಯಾಗುವಂಥದ್ದಲ್ಲ.

ಖಾತ್ರಿ ಮಾಡಿಕೊಳ್ಳಲು ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಿದೆ. ಡಿಗ್‌ನಲ್ಲಿ @ ಗುರುತು ಹಾಕಿ ನೇಮ್‌ಸರ್ವರ್ ಹೆಸರು ಕೊಟ್ಟರೆ ನೇರವಾಗಿ ಅವರನ್ನೇ ಕೇಳುತ್ತದೆ. ಎಸ್‌ಒಎ ರೆಕಾರ್ಡ್ ಕೇಳಿದರೆ ಅದರಲ್ಲಿ ಒಂದು ಸೀರಿಯಲ್ ನಂಬರ್ ಬರುತ್ತದೆ, ದಾಖಲೆ ತಿದ್ದಿದಾಗಲೆಲ್ಲ ಅದು ಏರಬೇಕು. ಇಬ್ಬರದ್ದು ಮೊನ್ನೆ ತಿದ್ದಿದ ಸೀರಿಯಲ್, ಇನ್ನಿಬ್ಬರದ್ದು ಎರಡು ವರ್ಷ ಹಳೆಯದು. ನಾಲ್ವರ ಉತ್ತರದಲ್ಲೂ 'ಎಎ' ಅನ್ನುವ ಗುರುತು ಇತ್ತು, ಅಂದರೆ 'ಈ ಹೆಸರಿಗೆ ನಾನೇ ಅಧಿಕೃತ' ಅಂತ ನಾಲ್ವರೂ ಹೇಳುತ್ತಿದ್ದಾರೆ. ನೆಟ್‌ವರ್ಕ್ ಕೆಲಸ ಮಾಡುವವರು ಆ ಪರದೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಇಲ್ಲೇ ಡಿಗ್‌ನ ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಪ್ಲಸ್ ಎನ್‌ಎಸ್‌ಸರ್ಚ್ ಅಂತ ಒಂದು ಆಯ್ಕೆ ಇದೆ, ಎಲ್ಲ ನೇಮ್‌ಸರ್ವರ್‌ಗಳ ಸೀರಿಯಲ್ಲನ್ನು ಒಟ್ಟಿಗೇ ತರುತ್ತದೆ. ಆರಾಮದ ದಾರಿ. ಆದರೆ ನಮಗೆ ಅದು ಎರಡನ್ನೇ ತೋರಿಸಿತು. ಯಾಕೆಂದರೆ ಅದು ಡಾಟ್ ಇನ್‌ನವರ ಪಟ್ಟಿಯನ್ನು ನೋಡಲಿಲ್ಲ, ಡೊಮೇನಿನ ಒಳಗೆ ಬರೆದಿದ್ದ ಎನ್‌ಎಸ್ (ನೇಮ್‌ಸರ್ವರ್) ಪಟ್ಟಿಯನ್ನು ತೆಗೆದುಕೊಂಡಿತು, ಅಲ್ಲಿ ಎರಡೇ ಹೆಸರಿದ್ದವು. ಮೇಲಿನ ಪಟ್ಟಿ, ಒಳಗಿನ ಪಟ್ಟಿ ಬೇರೆ ಬೇರೆ ಆದಾಗ ಅದನ್ನು ನಂಬಿ ಕೂರಬೇಡಿ. ಟ್ರೇಸ್ ಹೊಡೆದು ಕೈಯಿಂದಲೇ ಒಬ್ಬೊಬ್ಬರನ್ನು ಕೇಳಿ.

ಡೊಮೇನ್ ಕೊಂಡ ಕಡೆ ಲಾಗಿನ್ ಆಗಿ ಹಳೇ ಎರಡು ಹೆಸರು ತೆಗೆದೆ. ಮರುದಿನ ಸಂಜೆಯ ಹೊತ್ತಿಗೆ ಗದಗದವರ ಫೈಲ್ ಬಂತು. ನೂರಾ ಇಪ್ಪತ್ತು ಪುಟದ ಸ್ಮರಣ ಸಂಚಿಕೆ, ನಾಲ್ಕು ದಿನದಿಂದ ಕಾದು ಕೂತಿದ್ದದ್ದು.

ಡಿಟಿಪಿ ಹುಡುಗನ ಕಂಪ್ಯೂಟರ್ ಮಾತ್ರ ಇನ್ನೂ ಹಳೇ ಕಡೆಗೇ ಹೋಗುತ್ತಿತ್ತು. ಅದೇ ವಿಂಡೋಸ್ ಯಂತ್ರದ ಒಳಗಿನ ಲಿನಕ್ಸ್‌ನಿಂದ ನಮ್ಮ ನೇಮ್‌ಸರ್ವರ್‌ಗೇ ಡಿಗ್ ಹೊಡೆದರೆ 203.0.113.25, ಬ್ರೌಸರ್‌ನಲ್ಲಿ ತೆರೆದರೆ ಇಲ್ಲ. ಇದು ಡಿಗ್‌ನ ಎರಡನೇ ಮಿತಿ, ಗೊತ್ತಿರಲೇಬೇಕು. ಡಿಗ್ ಕೇಳುವುದು ಡಿಎನ್‌ಎಸ್ಸನ್ನು ಮಾತ್ರ, ಯಂತ್ರದ ಒಳಗೇ ಹೆಸರು, ಐಪಿ ಬರೆದಿಡುವ ಹೋಸ್ಟ್ಸ್ ಫೈಲನ್ನು ಅದು ನೋಡುವುದೇ ಇಲ್ಲ. ಬ್ರೌಸರ್, ಪಿಂಗ್ ಎಲ್ಲ ಮೊದಲು ನೋಡುವುದು ಅದನ್ನೇ. ವಿಂಡೋಸ್‌ನ ಸಿಸ್ಟಮ್32 ಒಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ, ಅಲ್ಲಿ ಹೋಸ್ಟ್ಸ್ ಫೈಲ್ ತೆರೆದರೆ ಕೊನೇ ಸಾಲಿನಲ್ಲಿ ಹಳೇ ಐಪಿ ಕೂತಿತ್ತು. ಯಾವತ್ತೋ ಪರೀಕ್ಷೆಗೆ ಅಂತ ಹಾಕಿದ ಸಾಲು. ಅಳಿಸಿದೆ, ಐಪಿಕಾನ್ಫಿಗ್ ಫ್ಲಶ್‌ಡಿಎನ್‌ಎಸ್ ಕೊಟ್ಟು ಯಂತ್ರದ ಕ್ಯಾಶ್ ಖಾಲಿ ಮಾಡಿದೆ, ಸರಿಯಾಯಿತು. ಡಿಗ್ ಸರಿಯಾದ ಉತ್ತರ ಕೊಡುತ್ತಿದೆ, ಆದರೂ ಒಂದೇ ಯಂತ್ರ ಹಟ ಮಾಡುತ್ತಿದೆ ಅಂದರೆ ಆ ಯಂತ್ರದ ಒಳಗೆ ಹುಡುಕಿ. ಲಿನಕ್ಸ್ ಆದರೆ ಗೆಟೆಂಟ್ ಕಮಾಂಡ್ ಹೋಸ್ಟ್ಸ್ ಫೈಲ್ ಸೇರಿಸಿಯೇ ಉತ್ತರ ಕೊಡುತ್ತದೆ, ಎರಡನ್ನೂ ಹೋಲಿಸಿ ನೋಡಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಐಪಿ ಬದಲಾದಾಗ ಎ ರೆಕಾರ್ಡ್ ಒಂದನ್ನೇ ನೋಡಿ ಬಿಡಬೇಡಿ. ನಮ್ಮ ಸರ್ವರ್ ಗಿರಾಕಿಗಳಿಗೆ 'ಫೈಲ್ ತಲುಪಿತು' ಅಂತ ಮೇಲ್ ಕಳಿಸುತ್ತದೆ. ಅವೆಲ್ಲ ಸ್ಪ್ಯಾಮ್‌ಗೆ ಹೋಗತೊಡಗಿದ್ದವು. ಡಿಗ್‌ನಲ್ಲಿ ಟಿಎಕ್ಸ್‌ಟಿ ರೆಕಾರ್ಡ್ ಕೇಳಿದರೆ ಎಸ್‌ಪಿಎಫ್ ಸಾಲಿನಲ್ಲಿ (ನಮ್ಮ ಹೆಸರಲ್ಲಿ ಮೇಲ್ ಕಳಿಸಲು ಯಾವ ಐಪಿಗೆ ಒಪ್ಪಿಗೆ ಇದೆ ಅಂತ ಹೇಳುವ ಸಾಲು) ಇನ್ನೂ ಹಳೇ ಐಪಿ ಇತ್ತು, ಅದನ್ನು ತಿದ್ದಿದೆ. ಆಮೇಲೆ ಮೈನಸ್ ಎಕ್ಸ್ ಹಾಕಿ ಹೊಸ ಐಪಿ ಕೊಟ್ಟೆ. ಇದು ಉಲ್ಟಾ ಪ್ರಶ್ನೆ, ಈ ಐಪಿಯ ಹೆಸರೇನು ಅಂತ. ಇಂಟರ್ನೆಟ್ ಕಂಪನಿಯವರು ತಾವೇ ಹಾಕಿದ್ದ ಒಂದು ಉದ್ದದ ಹೆಸರು ಬಂತು, ನಮ್ಮದಲ್ಲ. ಇದಕ್ಕೆ ಪಿಟಿಆರ್ ರೆಕಾರ್ಡ್ ಅಂತಾರೆ, ನಮ್ಮ ಪ್ಯಾನೆಲ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಐಪಿ ಯಾರದ್ದೋ ಅವರೇ ಬರೆಯಬೇಕು. 2024ರ ಫೆಬ್ರುವರಿಯಿಂದ ಜಿಮೇಲ್ ಈ ಉಲ್ಟಾ ಹೆಸರು ಸರಿಯಾಗಿರಲೇಬೇಕು ಅಂತ ಕೇಳುತ್ತಿದೆ. ನಮ್ಮ ಹೊಸ ಕಂಪನಿಯ ಸಹಾಯವಾಣಿಯಲ್ಲಿ ಮೊದಲ ಇಬ್ಬರಿಗೆ ಪಿಟಿಆರ್ ಅಂದರೆ ಏನಂತ ಅರ್ಥವಾಗಲಿಲ್ಲ, 'ರೂಟರ್ ರೀಸ್ಟಾರ್ಟ್ ಮಾಡಿ' ಅಂದರು. ಡಿಗ್‌ನ ಉತ್ತರವನ್ನೇ ಹಾಗೇ ಕಾಪಿ ಮಾಡಿ, ಕೆಳಗೆ 'ಇಲ್ಲಿ ಈ ಹೆಸರು ಬರಬೇಕು' ಅಂತ ಒಂದೇ ಸಾಲು ಬರೆದು ಮೇಲ್ ಹಾಕಿದೆ. ಎರಡೇ ದಿನದಲ್ಲಿ ಮಾಡಿಕೊಟ್ಟರು. ದೂರು ಕೊಡುವಾಗ 'ನೆಟ್ ಬರ್ತಿಲ್ಲ' ಅನ್ನುವುದಕ್ಕಿಂತ ಇದು ಎಷ್ಟೋ ಮೇಲು, ಓದುವವರಿಗೆ ಬೇರೆ ಏನೂ ಕೇಳುವುದು ಉಳಿಯುವುದಿಲ್ಲ.

ಹಾಕಿಕೊಳ್ಳುವುದು ಸುಲಭ. ಮ್ಯಾಕ್‌ನಲ್ಲಿ ಮೊದಲೇ ಇರುತ್ತದೆ. ಉಬುಂಟು, ಡೆಬಿಯನ್‌ನಲ್ಲಿ ಡಿಎನ್‌ಎಸ್‌ಯುಟಿಲ್ಸ್ ಪ್ಯಾಕೇಜ್ ಹಾಕಿಕೊಂಡರೆ ಬರುತ್ತದೆ. ವಿಂಡೋಸ್‌ನವರಿಗೆ ಸ್ವಲ್ಪ ಕಷ್ಟ, ಬೈಂಡ್‌ನ ಹೊಸ ಆವೃತ್ತಿಗಳು ವಿಂಡೋಸ್‌ಗೆ ಬರುತ್ತಿಲ್ಲ. ಒಳಗೊಂದು ಲಿನಕ್ಸ್ ಹಾಕಿಕೊಂಡು ಅದರಲ್ಲಿ ಬಳಸಬೇಕು, ನಾನು ಆ ಹುಡುಗನ ಯಂತ್ರದಲ್ಲಿ ಮಾಡಿದ್ದೂ ಅದನ್ನೇ. ಉತ್ತರದಲ್ಲಿ ಸಾಲುಗಳು ಜಾಸ್ತಿ, ಹೊಸಬರಿಗೆ ಮೊದಲು ಗಾಬರಿಯಾಗುತ್ತದೆ. ಪ್ಲಸ್ ಶಾರ್ಟ್ ಹಾಕಿದರೆ ಐಪಿ ಒಂದೇ ಬರುತ್ತದೆ. ಆದರೆ ದಯವಿಟ್ಟು ಅದನ್ನೇ ರೂಢಿ ಮಾಡಿಕೊಳ್ಳಬೇಡಿ. ನನ್ನನ್ನು ಕಾಪಾಡಿದ ಆ 11208 ಶಾರ್ಟ್ ಹಾಕಿದ್ದರೆ ಕಾಣುತ್ತಲೇ ಇರಲಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ವಿಂಡೋಸ್‌ಗೆ ನೇರವಾಗಿ ಸಿಗುವುದಿಲ್ಲ ಅಂತ. ನಮ್ಮ ಕಡೆಯ ಸಣ್ಣ ಆಫೀಸುಗಳಲ್ಲಿ ಹೆಚ್ಚಿನ ಯಂತ್ರಗಳು ವಿಂಡೋಸ್ ಆಗಿರುವಾಗ ಇದು ದೊಡ್ಡ ತೊಡಕು.

ಕೊನೆಗೆ ಉಳಿದಿದ್ದು ಹಳೇ ಹೋಸ್ಟಿಂಗ್‌ನವರ ಕಡೆ ಇದ್ದ ದಾಖಲೆ. ಪಟ್ಟಿಯಿಂದ ಅವರ ಹೆಸರು ತೆಗೆದಿದ್ದೆ, ಆದರೆ ನೇರವಾಗಿ ಕೇಳಿದರೆ ಅವರು ಇನ್ನೂ 198.51.100.40 ಅನ್ನುತ್ತಲೇ ಇದ್ದರು. ಹೆಸರು ಹುಡುಕಲು ಅವರದೇ ಸರ್ವರ್ ಬಳಸುವ ಇನ್ನೊಂದು ಆಫೀಸು ನಮ್ಮನ್ನು ಹುಡುಕಿದರೆ ಮತ್ತೆ ತಪ್ಪು ದಾರಿ ಹಿಡಿಯಬಹುದಿತ್ತು. ಮೇಲ್ ಹಾಕಿ, ಎರಡು ಸಲ ನೆನಪಿಸಿ, ಅಳಿಸಲು ಕೇಳಿಕೊಂಡೆ. ಕಳೆದ ಸೋಮವಾರ ಮತ್ತೆ @ ಹಾಕಿ ಅವರನ್ನು ಕೇಳಿದೆ. ಉತ್ತರದ ಜಾಗ ಖಾಲಿ, ಮೇಲೆ ಸ್ಟೇಟಸ್ ಎದುರು 'ರಿಫ್ಯೂಸ್ಡ್'. ಮಾಲೀಕರನ್ನು ಕರೆದು ತೋರಿಸಿದೆ. 'ಅಂದ್ರ ಇನ್ಮ್ಯಾಲೆ ಅವ್ರು ನಮ್ಮ ವಿಳಾಸ ಹೇಳೂದಿಲ್ಲನ್ರೀ?' ಎಂದು ಕೇಳಿದರು. ಹೇಳೂದಿಲ್ರೀ, ಅಂದೆ.